ಮೂರು ವಾರ ಆದ ಮೇಲೆ ಮತ್ತೆ ಮೂಡಿದ ಗೆರೆ

ಪ್ರಶ್ನೆ: "ನಾಲ್ಕೈದು ವರ್ಷದಿಂದ ಪ್ಲಾಸ್ಟಿಕ್ ವಿಮಾನದ ಕಿಟ್ ಜೋಡಿಸುತ್ತಿದ್ದೇನೆ. ಯುದ್ಧ ವಿಮಾನ ಮಾಡುವಾಗ ಇಂಥ ತೊಂದರೆ ಬಂದಿರಲಿಲ್ಲ. ಈಗ 1/144 ಅಳತೆಯ ಏರ್‌ಬಸ್ ಎ320 ಮಾಡಿದೆ. ರಾತ್ರಿ ಬಾಡಿಯ ಎರಡು ಹೋಳು ಅಂಟಿಸಿದೆ. ಬೆಳಿಗ್ಗೆ ಜಾಯಿಂಟ್‌ಗೆ ಟ್ಯೂಬ್ ಪುಟ್ಟಿ ತುಂಬಿ, ಎರಡು ಗಂಟೆ ಬಿಟ್ಟು ಉಜ್ಜಿದೆ. ಬೆರಳಿಗೆ ಏನೂ ಸಿಗದಷ್ಟು ನುಣುಪಾಯಿತು. ಅದೇ ಸಂಜೆ ಪ್ರೈಮರ್ (ಬಣ್ಣಕ್ಕೆ ಮೊದಲಿನ ಅಡಿಕೋಟ್), ಮರುದಿನ ಏರ್‌ಬ್ರಷ್‌ನಲ್ಲಿ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಹೊಳಪಿನ ಬಿಳಿ ಅಕ್ರಿಲಿಕ್ ಬಣ್ಣ. ಮೂರು ವಾರ ಆದ ಮೇಲೆ ನೋಡಿದರೆ ಬೆನ್ನಿನ ಮೇಲೆ ಮೂಗಿನಿಂದ ಬಾಲದವರೆಗೆ ಕೂದಲೆಳೆಯಂಥ ಗೆರೆ! ಹೊಟ್ಟೆಯ ಕಡೆ, ರೆಕ್ಕೆಯ ಹಿಂದೆ ಮಾತ್ರ ಇಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಪುಟ್ಟಿ ಮುಗಿದಿತ್ತು, ಸೂಪರ್ ಗ್ಲೂ ಹಾಕಿದ್ದೆ. ಕಿಟಕಿ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಸುತ್ತ ಬೆಳ್ಳಿ ಬಣ್ಣದ ಮಚ್ಚೆಗಳೂ ಕಾಣುತ್ತಿವೆ. ಬಿಳಿ ಬಣ್ಣ ಕಳಪೆ ಎಂದು ಒಬ್ಬರು, ಇನ್ನೂ ದಪ್ಪ ಕೋಟ್ ಹಾಕಿ ಎಂದು ಇನ್ನೊಬ್ಬರು ಹೇಳುತ್ತಾರೆ. ಇನ್ನೊಂದು ಹಳೆಯ ಮಾದರಿಗೆ ಎನಾಮಲ್ ಬಿಳಿ ಹೊಡೆದು ಬೀರುವಿನೊಳಗೆ ಇಟ್ಟಿದ್ದೆ. ಬಿಸಿಲೇ ತಾಗಿಲ್ಲ, ಆದರೂ ಹಳದಿಯಾಗಿದೆ. ಎ320 ಬಿಸಾಡಬೇಕಾ, ಉಳಿಸಬಹುದಾ? ಮುಂದಿನ ಕಿಟ್‌ನಲ್ಲಿ ಕಿಟಕಿ ತೂತುಗಳನ್ನು ಹಾಗೇ ಬಿಡಲಾ, ಮುಚ್ಚಿ ಡೆಕಾಲ್ ಹಾಕಲಾ? ಕೊನೆಯದಾಗಿ, ಈ ವಿಮಾನ ಮೂಗು ಮೇಲೆತ್ತಿ ಬಾಲದ ಮೇಲೆ ಕೂರುತ್ತದೆ. ಬಾಡಿ ಮುಚ್ಚಿಯಾಗಿದೆ. ಏನು ಮಾಡಲಿ?"

ಉತ್ತರ: ನಿಮ್ಮ ಪತ್ರ ಓದುತ್ತಾ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ಹೊಟ್ಟೆಯ ಕಡೆ ಪುಟ್ಟಿ ಮುಗಿದು ಸೂಪರ್ ಗ್ಲೂ ಹಾಕಿದ್ದೆ, ಅಲ್ಲಿ ಗೆರೆ ಬಂದಿಲ್ಲ ಅಂತ ಬರೆದಿದ್ದೀರಿ. ಅರ್ಧ ಉತ್ತರವನ್ನು ನೀವೇ ಕೊಟ್ಟಿದ್ದೀರಿ. ಬೆನ್ನಿಗೂ ಹೊಟ್ಟೆಗೂ ಒಂದೇ ಪ್ರೈಮರ್, ಒಂದೇ ಬಿಳಿ, ಒಂದೇ ದಿನದ ಕೆಲಸ. ಬಣ್ಣ ಕಳಪೆಯಾಗಿದ್ದರೆ ಎರಡೂ ಕಡೆ ಗೆರೆ ಮೂಡಬೇಕಿತ್ತು, ಅಲ್ವಾ? ಬಣ್ಣದ ಮೇಲೆ ಗೂಬೆ ಕೂರಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ತಪ್ಪಾಗಿದ್ದು ಬಿಳಿ ಹೊಡೆಯುವುದಕ್ಕೆ ಮೊದಲೇ, ಆ ಎರಡು ಗಂಟೆಯಲ್ಲಿ.

ಪ್ಲಾಸ್ಟಿಕ್ ಕಿಟ್‌ನ ಅಂಟು ನಿಜವಾಗಿ ಅಂಟಲ್ಲ. ಅದು ಪಾಲಿಸ್ಟೈರೀನ್ ಕರಗಿಸುವ ದ್ರವ. ಜಾಯಿಂಟ್‌ಗೆ ಹಚ್ಚಿದಾಗ ಎರಡೂ ಅಂಚು ಕರಗಿ ಒಂದರೊಳಗೊಂದು ಬೆರೆಯುತ್ತವೆ. ದ್ರವ ಆರಿಹೋದಾಗ ಬೆಸುಗೆ ಹಾಕಿದ ಹಾಗೆ ಗಟ್ಟಿಯಾಗುತ್ತದೆ. ಹಿಡಿದು ಎಳೆದರೆ ಬಿಡದಷ್ಟು ಗಟ್ಟಿಯಾಗಲು ಕೆಲವು ಗಂಟೆ ಸಾಕು. ಆದರೆ ಪ್ಲಾಸ್ಟಿಕ್ ಒಳಗೆ ಇಳಿದ ದ್ರವ ಪೂರ್ತಿ ಹೊರಗೆ ಬರಲು ದಿನಗಳೇ ಬೇಕು, ಕೆಲವೊಮ್ಮೆ ವಾರಗಳು. ಅಲ್ಲಿಯವರೆಗೆ ಆ ಜಾಗ ಸ್ವಲ್ಪ ಊದಿಕೊಂಡೇ ಇರುತ್ತದೆ. ಊದಿದ್ದನ್ನು ಉಜ್ಜಿ ಸಮ ಮಾಡಿದರೆ, ದ್ರವ ಹೋದ ಮೇಲೆ ಅದು ತಗ್ಗುತ್ತದೆ. ತಗ್ಗಿದ ಜಾಗವೇ ಗೆರೆ.

ಟ್ಯೂಬ್ ಪುಟ್ಟಿಯದೂ ಇದೇ ಕಥೆ, ಇನ್ನೂ ಒಂದು ಕೈ ಮೇಲೆ. ಪುಡಿ ಮತ್ತು ಅಂಟನ್ನು ದ್ರವದಲ್ಲಿ ಕಲಸಿ ಟ್ಯೂಬಿಗೆ ತುಂಬಿರುತ್ತಾರೆ. ದ್ರವ ಆರಿದಂತೆ ಪುಟ್ಟಿ ಕುಗ್ಗುತ್ತದೆ. ಮೇಲ್ಪದರ ಬೇಗ ಒಣಗಿ ಸಿಪ್ಪೆ ಕಟ್ಟುತ್ತದೆ, ಒಳಗೆ ಮೆತ್ತಗೇ ಇರುತ್ತದೆ. ಎರಡು ಗಂಟೆ ಬಿಟ್ಟು ಉಜ್ಜಿದಾಗ ನಿಮ್ಮ ಬೆರಳಿಗೆ ಸಿಕ್ಕಿದ್ದು ಆ ಸಿಪ್ಪೆಯ ನುಣುಪು. ಸಾಲದ್ದಕ್ಕೆ ಪುಟ್ಟಿಯಲ್ಲಿರುವ ದ್ರವ ಕೆಳಗಿನ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡುತ್ತದೆ. ಅದರ ಮೇಲೆ ಪ್ರೈಮರ್, ಅದರ ಮೇಲೆ ಬಿಳಿ ಹೊಡೆದು ಮುಚ್ಚಿಬಿಟ್ಟಿರಿ. ಒಳಗಿನ ದ್ರವ ನಿಧಾನವಾಗಿ ದಾರಿ ಮಾಡಿಕೊಂಡು ಹೊರಗೆ ಬಂತು. ಮೂರು ವಾರ ಹಿಡಿಯಿತು, ಅಷ್ಟೇ.

ಸೂಪರ್ ಗ್ಲೂ ಹಾಗಲ್ಲ. ಅದರಲ್ಲಿ ಆರಿಹೋಗುವ ದ್ರವ ಇಲ್ಲ. ಗಾಳಿಯಲ್ಲಿರುವ ತೇವ ತಾಗಿ ಇದ್ದದ್ದು ಇದ್ದಷ್ಟೇ ಗಟ್ಟಿಯಾಗುತ್ತದೆ, ಕುಗ್ಗುವುದು ತೀರಾ ಕಡಿಮೆ. ಹೊಟ್ಟೆಯ ಕಡೆ ಬಚಾವಾಗಿದ್ದು ಇದರಿಂದ. ಆದರೂ ಆ ಭಾಗವನ್ನು ಇನ್ನೊಂದು ತಿಂಗಳು ಗಮನಿಸುತ್ತಿರಿ. ಅದರ ಕೆಳಗೂ ರಾತ್ರಿ ಹಚ್ಚಿ ಬೆಳಿಗ್ಗೆ ಉಜ್ಜಿದ ಅಂಟೇ ಇದೆ. ಪ್ಲಾಸ್ಟಿಕ್ ತಗ್ಗಿ ಗ್ಲೂ ಮಾತ್ರ ಹಾಗೇ ನಿಂತರೆ ಅಲ್ಲಿ ಉಬ್ಬಿದ ಗೆರೆ ಬರಬಹುದು.

ಯುದ್ಧ ವಿಮಾನದಲ್ಲಿ ಈ ತೊಂದರೆ ಬಂದಿರಲಿಲ್ಲ ಅಂತ ಬರೆದಿದ್ದೀರಿ. ಬಂದಿತ್ತು, ಕಾಣಲಿಲ್ಲ. ಹಸಿರು, ಕಂದು ಪಟ್ಟೆಗಳ, ಹೊಳಪಿಲ್ಲದ ಮ್ಯಾಟ್ ಬಣ್ಣ, ಮೇಲೆ ಹೊಗೆ ಎಣ್ಣೆಯ ಕಲೆ, ಅಲ್ಲಲ್ಲಿ ಬಣ್ಣ ಕಿತ್ತ ಗುರುತು. ಇವೆಲ್ಲ ಒಂದು ಕೂದಲೆಳೆಯನ್ನು ಸುಲಭವಾಗಿ ನುಂಗುತ್ತವೆ. ಪ್ರಯಾಣಿಕ ವಿಮಾನ ಅಂದರೆ ಉದ್ದನೆಯ ಬಿಳಿ ಕೊಳವೆ. ಅದರ ಮೇಲೆ ಬಿದ್ದ ಬೆಳಕು ಉದ್ದಕ್ಕೂ ಒಂದೇ ನೇರ ಪಟ್ಟಿಯಾಗಿ ಹೊಳೆಯಬೇಕು. ಎಲ್ಲೋ ಒಂದು ಕಡೆ ಕೂದಲಿನ ಕಾಲು ಭಾಗದಷ್ಟು ತಗ್ಗಿದ್ದರೂ ಆ ಪಟ್ಟಿ ಅಲ್ಲಿ ಕೊಂಕುತ್ತದೆ. ನಮ್ಮ ಕಣ್ಣು ತಗ್ಗನ್ನು ನೋಡುವುದಿಲ್ಲ, ಆ ಕೊಂಕನ್ನು ನೋಡುತ್ತದೆ.

ನನಗೂ ಈ ಪಾಠ ಬಿಟ್ಟಿ ಬರಲಿಲ್ಲ. ಪ್ರದರ್ಶನಕ್ಕೆ ಮಾದರಿ ಮಾಡಿಕೊಡುವ ಕೆಲಸಕ್ಕೆ ಇಳಿದ ಹೊಸತರಲ್ಲಿ ಒಂದು ಬೋಯಿಂಗ್ 747-400 ಒಪ್ಪಿಕೊಂಡಿದ್ದೆ. ನಿಜವಾದದ್ದು 70 ಮೀಟರ್ ಮೇಲೆ, 1/144ರಲ್ಲಿ ಸುಮಾರು 49 ಸೆಂಟಿಮೀಟರ್. ತಾರೀಖು ಹತ್ತಿರ ಬಂದಿತ್ತು. ಅಂಟಿಸಿ ಎರಡೇ ದಿನಕ್ಕೆ ಬಣ್ಣ ಹೊಡೆದೆ. ಕೊಡುವಾಗ ಕನ್ನಡಿಯ ಹಾಗೆ ಇತ್ತು. ಒಂದು ತಿಂಗಳು ಬಿಟ್ಟು ಆ ಕಚೇರಿಗೆ ಹೋದರೆ, ಮೇಜಿನ ಮೇಲಿದ್ದ ವಿಮಾನಕ್ಕೆ ಕಿಟಕಿಯಿಂದ ಓರೆ ಬಿಸಿಲು ಬಿದ್ದಿದೆ. ಮೇಲಿನ ಅಂತಸ್ತಿನ ಗೂನಿನಿಂದ ಬಾಲದ ಬುಡದವರೆಗೆ ಗೆರೆ! ಅವರಿಗೆ ಅದು ಕಂಡಿರಲೇ ಇಲ್ಲ. ನನಗೆ ಬೇರೇನೂ ಕಾಣಲಿಲ್ಲ. ವಾಪಸ್ ತಂದು ಮತ್ತೆ ಮಾಡಿಕೊಟ್ಟೆ.

ಅವತ್ತಿನಿಂದ ಬಾಡಿ ಅಂಟಿಸಿದ ದಿನವೇ ಒಂದು ತುಂಡು ಮಾಸ್ಕಿಂಗ್ ಟೇಪ್ (ಬಣ್ಣ ತಾಗದ ಹಾಗೆ ಮುಚ್ಚುವ ಟೇಪ್) ಮೇಲೆ ತಾರೀಖು ಬರೆದು ಅದಕ್ಕೇ ಅಂಟಿಸುತ್ತೇನೆ. ಎರಡು ವಾರ ಅದನ್ನು ಮುಟ್ಟುವುದಿಲ್ಲ. ಅಷ್ಟರಲ್ಲಿ ಎಂಜಿನ್, ರೆಕ್ಕೆ, ಚಕ್ರ ಮಾಡುವುದಕ್ಕೆ ಬೇಕಾದಷ್ಟು ಕೆಲಸ ಇರುತ್ತದೆ. ಕಿಟ್‌ನ ಕೈಪಿಡಿಯಲ್ಲಿ ಯಾವ ಕ್ರಮ ಇದ್ದರೂ ಬಾಡಿ ಮೊದಲು. ಅಂಟಿಸುವ ಮೊದಲು ಒಳಗಡೆ ಜಾಯಿಂಟ್‌ಗೆ ಅಡ್ಡಲಾಗಿ ನಾಲ್ಕೈದು ಕಡೆ ಪ್ಲಾಸ್ಟಿಕ್ ಪಟ್ಟಿಯ ಚಿಕ್ಕ ತುಂಡು ಕೂರಿಸುತ್ತೇನೆ. ಬಾಡಿ ಟೊಳ್ಳು ಕೊಳವೆ. ಉಜ್ಜುವಾಗ ಹಿಡಿದು ಒತ್ತಿದರೆ ಒಳಕ್ಕೆ ಬಗ್ಗುತ್ತದೆ, ಜಾಯಿಂಟ್ ಬಿರುಕು ಬಿಡುತ್ತದೆ. ಆ ಬಿರುಕೂ ಕೊನೆಗೆ ಗೆರೆಯಾಗಿಯೇ ಕಾಣುವುದು.

ಹಾಗಾಗಿ ದುರಸ್ತಿಗೆ ಕೈ ಹಾಕುವ ಮೊದಲು ನಿಮ್ಮ ಗೆರೆ ಯಾವ ಜಾತಿಯದು ನೋಡಿಕೊಳ್ಳಿ. ಉಗುರನ್ನು ಗೆರೆಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಒಳಕ್ಕೆ ಇಳಿದರೆ ಕುಗ್ಗಿದ ಗೆರೆ. ಏನನ್ನೋ ಹತ್ತಿ ಇಳಿದಂತಾದರೆ ಉಬ್ಬು. ಉಗುರಿಗೆ ಚೂಪಾಗಿ ಸಿಕ್ಕಿ, ಬಾಡಿಯನ್ನು ಎರಡು ಬದಿಯಿಂದ ಸ್ವಲ್ಪ ಒತ್ತಿದಾಗ ಗೆರೆ ಅಗಲವಾದರೆ ಅದು ಬಿರುಕು. ನೀವು ಬರೆದದ್ದು ನೋಡಿದರೆ ಮೊದಲನೆಯದೇ ಇರಬೇಕು. ಬಿರುಕಾಗಿದ್ದರೆ ಮೊದಲು ಅದರೊಳಗೆ ತೆಳ್ಳನೆಯ ಸೂಪರ್ ಗ್ಲೂ ಹರಿಸಿ ಬಿಗಿ ಮಾಡಬೇಕು. ಬರೀ ಮೇಲೆ ತುಂಬಿದರೆ ಮತ್ತೆ ಬಿಡುತ್ತದೆ.

ಈಗ ಆ ದಪ್ಪ ಕೋಟ್‌ನ ಸಲಹೆ. ದಯವಿಟ್ಟು ಬೇಡ. 1/144 ಅಂದರೆ ಒಂದು ಇಂಚಿಗೆ ಹನ್ನೆರಡು ಅಡಿ. ನೀವು ಹೊಡೆದ ಬಣ್ಣ 0.1 ಮಿಲಿಮೀಟರ್ ದಪ್ಪ ಇದ್ದರೆ, ನಿಜವಾದ ವಿಮಾನದ ಲೆಕ್ಕದಲ್ಲಿ 14.4 ಮಿಲಿಮೀಟರ್. ಒಂದೂವರೆ ಸೆಂಟಿಮೀಟರ್ ದಪ್ಪದ ಬಣ್ಣ ಬಳಿದ ವಿಮಾನ! ಬಾಗಿಲಿನ ಗೆರೆಗಳು ತುಂಬಿಹೋಗುತ್ತವೆ, ಮಾಸ್ಕಿಂಗ್ ಟೇಪ್ ಕಿತ್ತ ಕಡೆ ಮೆಟ್ಟಿಲು ನಿಲ್ಲುತ್ತದೆ. ಗೆರೆಯೂ ಹೋಗುವುದಿಲ್ಲ. ದ್ರವರೂಪದ ಬಣ್ಣ ತಗ್ಗಿನಲ್ಲಿ ನಿಂತರೂ ಒಣಗುವಾಗ ತಾನೂ ಕುಗ್ಗಿ ಅದೇ ತಗ್ಗಿನ ಆಕಾರಕ್ಕೆ ಬರುತ್ತದೆ.

ಬಿಳಿಗೆ ಮುಚ್ಚುವ ಶಕ್ತಿ ಕಡಿಮೆ ಅನ್ನುವುದು ಮಾತ್ರ ನಿಜ. ಕಪ್ಪು ಬೆಳಕನ್ನು ನುಂಗಿ ಕೆಳಗಿನದನ್ನು ಮರೆಮಾಡುತ್ತದೆ. ಬಿಳಿ ಬಣ್ಣದಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಪುಡಿ ಬೆಳಕನ್ನು ಚದುರಿಸುತ್ತದೆ, ಅಷ್ಟೇ. ಪದರ ತೆಳುವಾದರೆ ಸ್ವಲ್ಪ ಬೆಳಕು ಕೆಳಗಿಳಿದು ಅಲ್ಲಿನ ಬಣ್ಣ ಹೊತ್ತು ಬರುತ್ತದೆ. ಅದಕ್ಕೇ ಬೂದು ಪ್ರೈಮರ್ ಮೇಲೆ ನೇರವಾಗಿ ಹೊಳಪಿನ ಬಿಳಿ ಹೊಡೆದರೆ ಎಷ್ಟು ಕೋಟ್ ಹಾಕಿದರೂ ಮಂಕು. ನಾನು ಮೊದಲು ಬೂದು ಪ್ರೈಮರ್ ಹೊಡೆಯುತ್ತೇನೆ, ತಪ್ಪು ಹುಡುಕುವುದಕ್ಕೆ. ಬಿಳಿಯ ಮೇಲೆ ಗೀರು ಕಾಣುವುದಿಲ್ಲ, ಬೂದಿನ ಮೇಲೆ ಅದೇ ಚಾಡಿ ಹೇಳುತ್ತದೆ. ತಪ್ಪು ತಿದ್ದಿ ಮತ್ತೆ ಬೂದು. ಎಲ್ಲ ಸರಿ ಅನಿಸಿದ ಮೇಲೆ ಬಿಳಿ ಪ್ರೈಮರ್ ಅಥವಾ ಮ್ಯಾಟ್ ಬಿಳಿ, ಕೊನೆಗೆ ಹೊಳಪು. ಮ್ಯಾಟ್ ಬಿಳಿ ಹೊಳಪಿನ ಬಿಳಿಗಿಂತ ಚೆನ್ನಾಗಿ ಮುಚ್ಚುತ್ತದೆ. ಬಣ್ಣ ಹಾಲಿನಷ್ಟು ತೆಳುವಾಗಿರಲಿ. ಮೊದಲ ಎರಡು ಕೋಟ್ ಮಂಜು ಕವಿದ ಹಾಗೆ. ಕೊನೆಯದು ಮಾತ್ರ ಒದ್ದೆಯಾಗಿ, ಸೋರದ ಹಾಗೆ. ಮೇಲ್ಮೈ ಕಿತ್ತಳೆ ಸಿಪ್ಪೆಯ ಹಾಗಾದರೆ ಬಣ್ಣ ದಪ್ಪ ಇದೆ, ಇಲ್ಲವೇ ಏರ್‌ಬ್ರಷ್ ಜಾಸ್ತಿ ದೂರ ಹಿಡಿದಿದ್ದೀರಿ, ಬಣ್ಣ ಗಾಳಿಯಲ್ಲೇ ಅರ್ಧ ಒಣಗುತ್ತಿದೆ ಅಂತ ಅರ್ಥ.

ಎ320 ಉಳಿಸಬಹುದಾ? ಖಂಡಿತ. ನಿಮಗೆ ಗೊತ್ತಿಲ್ಲದೆ ಒಂದು ಒಳ್ಳೆಯ ಕೆಲಸ ಆಗಿದೆ. ಮೂರು ವಾರ ಕಾದಿದ್ದೀರಿ. ಪುಟ್ಟಿ ಕುಗ್ಗುವಷ್ಟು ಬಹುಮಟ್ಟಿಗೆ ಕುಗ್ಗಿದೆ. ಅದನ್ನು ಕೆರೆದು ತೆಗೆಯುವ ಅಗತ್ಯ ಇಲ್ಲ, ಅದೇ ಈಗ ಅಡಿಪಾಯ.

ಕಿಟಕಿ ಡೆಕಾಲ್ ಎರಡೂ ಪಕ್ಕದಲ್ಲಿರುತ್ತದೆ, ಗೆರೆ ಇರುವುದು ಬೆನ್ನಿನ ಮೇಲೆ. ನಿಮ್ಮ ವಿಮಾನಕ್ಕೆ ಬೆನ್ನು ದಾಟುವ ಪಟ್ಟೆ ಇಲ್ಲದಿದ್ದರೆ ಡೆಕಾಲ್ ಮುಟ್ಟದೆ ಕೆಲಸ ಮುಗಿಸಬಹುದು. ಬೆನ್ನಿನ ಮೇಲೆ ಆಂಟೆನಾ ಅಂಟಿಸಿದ್ದರೆ ಮೊದಲು ತೆಗೆದುಬಿಡಿ. ಹೇಗೂ ಉಜ್ಜುವಾಗ ಮುರಿಯುತ್ತವೆ, ಆಮೇಲೆ ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದು ಕತ್ತರಿಸಿ ಹಾಕಿ. ಡೆಕಾಲ್ ಭಾಗಕ್ಕೆ ಅಂಟು ಕಡಿಮೆ ಇರುವ ಟೇಪ್ ಮುಚ್ಚಿ. ಇನ್ನೂ ಚೆನ್ನಾಗಿರುವುದು ಟೇಪ್ ಡೆಕಾಲ್‌ಗೆ ತಾಗದ ಹಾಗೆ ನಡುವೆ ಕಾಗದ ಕೊಡುವುದು. 800 ನಂಬರ್ ಸ್ಯಾಂಡ್ ಪೇಪರ್ ನೀರಲ್ಲಿ ಅದ್ದಿ ಗೆರೆಯ ಸುತ್ತ ಬಣ್ಣ ಇಳಿಸಿ. ಪುಟ್ಟಿ ಕಂಡಾಗ ನಿಲ್ಲಿಸಿ. ಉಳಿದ ತಗ್ಗಿಗೆ ಗುಂಡುಸೂಜಿಯ ತುದಿಯಲ್ಲಿ ಸೂಪರ್ ಗ್ಲೂ ಎಳೆಯುತ್ತಾ ಹೋಗಿ. ಬಾಟಲಿಯಿಂದ ನೇರ ಸುರಿಯಬೇಡಿ.

ಇಲ್ಲೊಂದು ಎಚ್ಚರಿಕೆ ಇದೆ. ಸೂಪರ್ ಗ್ಲೂ ಗಟ್ಟಿಯಾದ ಕೂಡಲೇ ಉಜ್ಜಬೇಕು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ. ರಾತ್ರಿ ಬಿಟ್ಟರೆ ಅದು ಪಕ್ಕದ ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗುತ್ತದೆ. ಆಗ ಸ್ಯಾಂಡ್ ಪೇಪರ್ ಗ್ಲೂ ಬಿಟ್ಟು ಪಕ್ಕದ ಮೆತ್ತನೆ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ತಗ್ಗಿದ್ದ ಜಾಗದಲ್ಲಿ ಉಬ್ಬು ಬಂದು ಕೂರುತ್ತದೆ. ಪುಟ್ಟಿಗೆ ಕಾಯಬೇಕು, ಗ್ಲೂಗೆ ಕಾಯಬಾರದು. ಇದನ್ನು ತಿರುವುಮುರುವು ಮಾಡುವವರೇ ಜಾಸ್ತಿ.

ಉಜ್ಜುವ ರೀತಿಯೂ ಮುಖ್ಯ. ಬೆರಳಿಗೆ ಪೇಪರ್ ಸುತ್ತಿ ಉಜ್ಜಿದರೆ ಗೆರೆಯ ಉದ್ದಕ್ಕೂ ಚಪ್ಪಟೆ ದಾರಿ ಬೀಳುತ್ತದೆ. ಎ320 ಬಾಡಿ ಈ ಅಳತೆಯಲ್ಲಿ ಸುಮಾರು ಎರಡೂಮುಕ್ಕಾಲು ಸೆಂಟಿಮೀಟರ್ ಅಗಲ. ಅದಕ್ಕಿಂತ ಒಂದು ಚೂರು ದೊಡ್ಡ ಒಳವ್ಯಾಸದ ಪಿವಿಸಿ ಪೈಪ್ ತುಂಡು ತೆಗೆದುಕೊಂಡು ಉದ್ದಕ್ಕೆ ಸೀಳಿ. ಒಳಗಡೆ ಸ್ಯಾಂಡ್ ಪೇಪರ್ ಅಂಟಿಸಿ. ಅದನ್ನು ಬೆನ್ನಿನ ಮೇಲೆ ಕವುಚಿ, ಬಾಡಿಯ ಸುತ್ತಳತೆಯ ದಿಕ್ಕಿನಲ್ಲಿ ಅತ್ತಿತ್ತ ತಿರುಗಿಸಿ. ಗೋಲ ಗೋಲವಾಗಿಯೇ ಉಳಿಯುತ್ತದೆ. ಮೂಗು, ಬಾಲದ ಕಡೆ ಬಾಡಿ ಸಣ್ಣದಾಗುವಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಮೆತ್ತನೆ ಸ್ಪಂಜಿನ ಪಟ್ಟಿಯೇ ಗತಿ. 800 ಆದ ಮೇಲೆ 1000, ಆಮೇಲೆ 1500.

ಆಮೇಲೆ ಪರೀಕ್ಷೆ. ಉಜ್ಜಿದ ಜಾಗದ ಮೇಲೆ ನಾಲ್ಕು ಹನಿ ನೀರು ಸವರಿ ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಒದ್ದೆ ಮೇಲ್ಮೈ ಹೊಳಪಿನ ಬಣ್ಣದ ಹಾಗೆ ವರ್ತಿಸುತ್ತದೆ. ಟ್ಯೂಬ್‌ಲೈಟಿನ ಬಿಂಬ ಬೆನ್ನಿನ ಮೇಲೆ ಬೀಳುವ ಹಾಗೆ ಹಿಡಿದು ಬಾಡಿಯನ್ನು ನಿಧಾನವಾಗಿ ಉರುಳಿಸಿ. ಬಿಂಬ ಗೆರೆಯಿದ್ದ ಜಾಗವನ್ನು ದಾಟುವಾಗ ಎಲ್ಲಾದರೂ ನಡುಗಿದರೆ, ಎರಡಾಗಿ ಒಡೆದರೆ ಅಲ್ಲಿ ಇನ್ನೂ ಕೆಲಸ ಇದೆ. ಬೆರಳನ್ನು ನಂಬಬೇಡಿ. ಬಿಂಬವನ್ನು ನಂಬಿ.

ಪ್ರೈಮರ್ ಲ್ಯಾಕರ್ (ಪ್ಲಾಸ್ಟಿಕ್ ಕರಗಿಸುವಂಥ ಥಿನ್ನರ್ ಇರುವ ಬಗೆ) ಆಗಿದ್ದರೆ ತೆಳುವಾಗಿ ಹೊಡೆಯಿರಿ. ಒಂದೇ ಸಲ ಒದ್ದೆ ಮಾಡಿದರೆ ಅದರ ಥಿನ್ನರ್ ಮತ್ತೆ ಪುಟ್ಟಿಯೊಳಗೆ ಇಳಿದು ಊದಿಸುತ್ತದೆ, ಹಳೇ ಅಕ್ರಿಲಿಕ್ ಅಂಚೂ ಸುಕ್ಕುಗಟ್ಟಬಹುದು. ಬಿಳಿ ಹೊಡೆಯುವಾಗ ಟೇಪಿನ ಅಂಚನ್ನು ಒತ್ತಿ ಕೂರಿಸಬೇಡಿ, ಹೊರಕ್ಕೆ ಮಡಚಿ ಎತ್ತಿ ಬಿಡಿ. ಆಗ ಹೊಸ ಬಣ್ಣ ಹಳೆಯದರೊಳಗೆ ಕರಗಿದ ಹಾಗೆ ಸೇರುತ್ತದೆ, ಮೆಟ್ಟಿಲು ನಿಲ್ಲುವುದಿಲ್ಲ. ಒಂದು ವಾರ ಬಿಟ್ಟು 3000 ನಂಬರ್ ಪೇಪರ್ ಮತ್ತು ಪಾಲಿಶ್‌ನಿಂದ ತಿಕ್ಕಿ. ಇದರಲ್ಲಿರುವ ಅಪಾಯ ಒಂದೇ. ಹೊಸ ಬಿಳಿಗೂ ಹಳೆ ಬಿಳಿಗೂ ಒಂದು ಚೂರು ವ್ಯತ್ಯಾಸ ಉಳಿಯಬಹುದು. ಅದೇ ಬಾಟಲಿಯ ಬಣ್ಣ ಬಳಸಿದರೆ ಬಹುಪಾಲು ಗೊತ್ತಾಗುವುದಿಲ್ಲ.

ಪೂರ್ತಿ ಬಣ್ಣ ಕಿತ್ತು ಮೊದಲಿಂದ ಮಾಡುವುದು ಎರಡನೆಯ ದಾರಿ. ಬಹಳಷ್ಟು ಅಕ್ರಿಲಿಕ್ ಬಣ್ಣಗಳು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ನೆನೆಸಿದರೆ ಮೆತ್ತಗಾಗಿ ಬ್ರಷ್‌ಗೆ ಬಂದುಬಿಡುತ್ತವೆ. ಪ್ಲಾಸ್ಟಿಕ್‌ಗೆ ತೊಂದರೆ ಇಲ್ಲ. ಲ್ಯಾಕರ್ ಪ್ರೈಮರ್ ಇದಕ್ಕೆ ಜಗ್ಗುವುದಿಲ್ಲ, ಅದು ಇರಲಿ ಬಿಡಿ. ಲ್ಯಾಕರ್ ಥಿನ್ನರ್ ಮಾತ್ರ ಸುರಿಯಬೇಡಿ, ವಿಮಾನವೇ ಕರಗುತ್ತದೆ. ಮೊದಲು ಅದೇ ಬಣ್ಣ ಬಳಿದ ಒಂದು ಸ್ಪ್ರೂ ಕಡ್ಡಿಯ (ಕಿಟ್‌ನ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟಿನ ತುಂಡು) ಮೇಲೆ ಪ್ರಯತ್ನಿಸಿ. ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಇರಬಾರದು. ಈ ದಾರಿಯಲ್ಲಿ ಡೆಕಾಲ್ ಪೂರ್ತಿ ಹೋಗುತ್ತದೆ, ಹೊಸ ಹಾಳೆ ಸಿಗುತ್ತದೆ ಅನ್ನುವುದು ಖಾತ್ರಿ ಮಾಡಿಕೊಂಡೇ ಇಳಿಯಿರಿ. ಒಂದು ಗೆರೆಗೋಸ್ಕರ ನಾನಾದರೆ ಇಷ್ಟು ದೂರ ಹೋಗುವುದಿಲ್ಲ.

ಮೂರನೆಯದು ಹಾಗೇ ಬಿಡುವುದು. ನಗಬೇಡಿ. ಕಪಾಟಿನ ಮೇಲ್ಹಂತದಲ್ಲಿ, ಕಣ್ಣಿಗಿಂತ ಎತ್ತರದಲ್ಲಿ ಇಟ್ಟರೆ ಬೆನ್ನು ಯಾರಿಗೂ ಕಾಣುವುದಿಲ್ಲ. ನನ್ನ ಮನೆಯಲ್ಲೇ ಹೀಗೆ ಎತ್ತರಕ್ಕೆ ಏರಿದ ವಿಮಾನಗಳು ಎರಡಿವೆ.

ಡೆಕಾಲ್‌ನ ಬೆಳ್ಳಿ ಮಚ್ಚೆಗೆ ಕಾರಣ ಗಾಳಿ. ಡೆಕಾಲ್ ಹಳೆಯದು ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಹಾಗಲ್ಲ. ಮೇಲ್ಮೈ ಒರಟಾಗಿದ್ದರೆ ಡೆಕಾಲ್‌ನ ಪಾರದರ್ಶಕ ಪೊರೆ ಉಬ್ಬುಗಳ ತುದಿಯ ಮೇಲೆ ಮಾತ್ರ ಕೂರುತ್ತದೆ. ಕೆಳಗೆ ಸಿಕ್ಕಿಕೊಂಡ ಗಾಳಿ ಬೆಳ್ಳಿಯ ಹಾಗೆ ಹೊಳೆಯುತ್ತದೆ. ನೀವು ಹೊಡೆದದ್ದು ಹೊಳಪಿನ ಬಿಳಿಯೇ, ಆದರೆ ಮಚ್ಚೆ ಬಂದ ಕಡೆ ಅದು ಅರ್ಧ ಒಣಗಿ ಪುಡಿಯಾಗಿ ಬಿದ್ದಿರಬೇಕು. ಬಣ್ಣ ನಿಜವಾಗಿಯೂ ನುಣುಪಾಗಿದ್ದರೆ ಡೆಕಾಲ್‌ಗೆ ಮೊದಲು ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಬೇಕೇ ಬೇಕು ಅಂತಿಲ್ಲ. ಅನುಮಾನ ಇದ್ದರೆ ಒಂದು ತೆಳು ಕೋಟ್ ಹೊಡೆಯಿರಿ.

ಮೇಲೆ ಇನ್ನೂ ಕ್ಲಿಯರ್ ಹೊಡೆದಿಲ್ಲದಿದ್ದರೆ ಈಗಲೂ ಸರಿಹೋಗುತ್ತದೆ. ಮಚ್ಚೆ ಇರುವ ಕಡೆ ಸಣ್ಣ ಸೂಜಿಯಿಂದ ನಾಲ್ಕಾರು ಚುಚ್ಚು ಹಾಕಿ, ಮೈಕ್ರೋ ಸಾಲ್ ಅಥವಾ ಮಿಸ್ಟರ್ ಮಾರ್ಕ್ ಸಾಫ್ಟರ್‌ನಂಥ ದ್ರವ ಒಂದು ಹನಿ ಸವರಿ. ಡೆಕಾಲ್ ಸುಕ್ಕುಗಟ್ಟುತ್ತದೆ. ಗಾಬರಿಯಾಗಿ ಬೆರಳು ಹಾಕಬೇಡಿ, ಹರಿದು ಬರುತ್ತದೆ. ಒಣಗುವಾಗ ತಾನೇ ಬಿಗಿಯುತ್ತದೆ. ಬೇಕಾದರೆ ಮರುದಿನ ಇನ್ನೊಮ್ಮೆ. ಡೆಕಾಲ್ ತೀರಾ ತೆಳುವಾಗಿದ್ದರೆ ಈ ದ್ರವ ಅದನ್ನೇ ಕರಗಿಸಬಹುದು, ಅದಕ್ಕೆ ಹಾಳೆಯಲ್ಲಿ ಉಳಿದ ಬೇಡದ ತುಂಡಿನ ಮೇಲೆ ಮೊದಲು ನೋಡಿ. ಕ್ಲಿಯರ್ ಹೊಡೆದಾಗಿದ್ದರೆ ಗಾಳಿ ಒಳಗೇ ಬಂದಿ. ಆಗ ಮಾಡುವುದು ಜಾಸ್ತಿ ಇಲ್ಲ.

ಬೀರುವಿನೊಳಗೆ ಹಳದಿಯಾದ ಹಳೆಯ ವಿಮಾನಕ್ಕೆ ಬರೋಣ. ಬಿಸಿಲಿಗೆ ಬಿಳಿ ಹಳದಿಯಾಗುತ್ತದೆ, ಕತ್ತಲಲ್ಲಿಟ್ಟರೆ ಉಳಿಯುತ್ತದೆ ಅನ್ನುವುದು ಅರ್ಧ ಸತ್ಯ. ಎನಾಮಲ್ ಬಣ್ಣದ ಅಂಟು ಎಣ್ಣೆಯಿಂದ ಬಂದದ್ದು. ಅದು ಕತ್ತಲಲ್ಲೇ ಜಾಸ್ತಿ ಹಳದಿಯಾಗುತ್ತದೆ. ಬೆಳಕಿಗೆ ಇಟ್ಟರೆ ಸ್ವಲ್ಪ ಮಟ್ಟಿಗೆ ಮರಳಿ ಬೆಳ್ಳಗಾಗುವುದೂ ಉಂಟು. ಹಾಗಾಗಿ ಆ ವಿಮಾನವನ್ನು ಬಿಸಿಲು ನೇರ ಬೀಳದ, ಆದರೆ ಬೆಳಕಿರುವ ಕಡೆ ಕೆಲವು ವಾರ ಇಟ್ಟು ನೋಡಿ. ನೇರ ಬಿಸಿಲು ಬೇಡ, ಪ್ಲಾಸ್ಟಿಕ್ ಬಿಸಿಗೆ ಬಗ್ಗುತ್ತದೆ, ಬಾಲದ ಕೆಂಪು ನೀಲಿ ಮಸುಕಾಗುತ್ತವೆ. ಪೂರ್ತಿ ಮೊದಲಿನ ಹಾಗಾಗುತ್ತದೆ ಅಂತ ಮಾತು ಕೊಡಲಾರೆ. ಮುಂದಕ್ಕೆ ಬಿಳಿಗೂ ಮೇಲಿನ ಕ್ಲಿಯರ್‌ಗೂ ಎನಾಮಲ್ ಬಿಟ್ಟುಬಿಡಿ. ಅಕ್ರಿಲಿಕ್, ಇಲ್ಲವೇ ಯುವಿ ತಡೆಯುವ ಕ್ಲಿಯರ್ ಒಳ್ಳೆಯದು. ಇನ್ನೊಂದು ವಿಷಯ, ಬಳಸದೆ ಉಳಿದ ಡೆಕಾಲ್ ಹಾಳೆಯ ಪೊರೆ ಹಳದಿಯಾಗಿದ್ದರೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಿಟಕಿ ಗಾಜಿಗೆ ಟೇಪ್ ಮಾಡಿ. ಅದಕ್ಕೆ ಬಿಸಿಲೇ ಔಷಧ. ಕೆಲವು ದಿನಗಳಲ್ಲಿ ಹಳದಿ ಇಳಿಯುತ್ತದೆ.

ಕಿಟಕಿಯ ವಿಷಯದಲ್ಲಿ ನನ್ನದು ಪಕ್ಷಪಾತದ ಉತ್ತರ. ಮುಚ್ಚಿ, ಡೆಕಾಲ್ ಹಾಕಿ. ಕಿಟ್ ಜೊತೆ ಬರುವ ಪಾರದರ್ಶಕ ಪಟ್ಟಿ ಈ ಅಳತೆಗೆ ತೀರಾ ದಪ್ಪ. ಕಿಟಕಿ ಒಳಕ್ಕೆ ಹೂತ ಹಾಗೆ ಕಾಣುತ್ತದೆ. ಹಗಲಲ್ಲಿ ನಿಂತ ವಿಮಾನ ನೋಡಿ, ಹೊರಗಿನಿಂದ ಕಿಟಕಿಯೊಳಗೆ ಏನೂ ಕಾಣುವುದಿಲ್ಲ. ಬರೀ ಗಾಢ ಬೂದು, ಕಪ್ಪೂ ಅಲ್ಲ. ನಡುನಡುವೆ ಪರದೆ ಇಳಿಸಿದ ಕೆಲವು ಕಿಟಕಿ ಬಿಳಿ. ನಾನು ಡೆಕಾಲ್ ಒಣಗಿದ ಮೇಲೆ ಸಣ್ಣ ಬ್ರಷ್‌ನಲ್ಲಿ ಐದಾರು ಕಿಟಕಿಗೆ ಅರ್ಧ, ಮುಕ್ಕಾಲು ಮಾಸಲು ಬಿಳಿ ಇಡುತ್ತೇನೆ. ಅದೊಂದು ಕೆಲಸಕ್ಕೆ ವಿಮಾನದೊಳಗೆ ಜನ ಬಂದು ಕೂತ ಹಾಗಾಗುತ್ತದೆ. ದೀಪ ಹಾಕಿ ಒಳಗಿನಿಂದ ಬೆಳಗಿಸುವ ಆಸೆ ಇದ್ದರೆ ಮಾತ್ರ ತೂತು ಬಿಡಿ.

ಆದರೆ ಮುಚ್ಚುವುದು ಟ್ಯೂಬ್ ಪುಟ್ಟಿಯಿಂದ ಬೇಡ. ಈಗ ಬಂದಿರುವುದು ಒಂದು ಗೆರೆ. ಆಗ ಬರುವುದು ಸಾಲಾಗಿ ನೂರು ಗುಳಿ, ಡೆಕಾಲ್ ಕಿಟಕಿಯ ಪಕ್ಕಕ್ಕೆ ಒಂದೊಂದು. ಪಾರದರ್ಶಕ ಪಟ್ಟಿಯನ್ನೇ ಒಳಗಿನಿಂದ ಅಂಟಿಸಿ, ಹೊರಗೆ ಉಳಿದ ಸಂದಿಗೆ ಸೂಪರ್ ಗ್ಲೂ ತುಂಬಿ ಅವತ್ತೇ ಉಜ್ಜಿ. ಎರಡು ಘಟಕ ಬೆರೆಸುವ ಎಪಾಕ್ಸಿಯೂ ಆಗುತ್ತದೆ. ಅದೂ ಹೆಚ್ಚು ಕುಗ್ಗುವುದಿಲ್ಲ, ಆದರೆ ಗಟ್ಟಿಯಾಗಲು ಹೊತ್ತು ಬೇಕು. ಉಜ್ಜುವಾಗ ನೀರು ಹಚ್ಚಿಯೇ ಉಜ್ಜಿ, ಈ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಉಳಿದದ್ದು ಬಾಲದ ಮೇಲೆ ಕೂರುವ ವಿಮಾನ. ಮೂಗಿನಲ್ಲಿ ಭಾರ ಹಾಕಲು ಮರೆತಿದ್ದೀರಿ, ಎಲ್ಲರೂ ಒಮ್ಮೆ ಮರೆಯುತ್ತಾರೆ. ಬಾಡಿ ಬಿಚ್ಚಬೇಕಿಲ್ಲ. ಎ320ರ ಎಂಜಿನ್‌ಗಳು ಹಿಂದಿನ ಚಕ್ರಕ್ಕಿಂತ ಮುಂದೆ ತೂಗುತ್ತವೆ. ಅವುಗಳ ಕವಚದೊಳಗೆ, ಫ್ಯಾನಿನ ಹಿಂದೆ ಟೊಳ್ಳು ಇರುತ್ತದೆ. ಫ್ಯಾನ್ ತೆಗೆಯಲು ಬಂದರೆ ಅಲ್ಲಿ ಸೀಸದ ಚೂರು ತುಂಬಿ. ಎಷ್ಟು ಬೇಕು ಅನ್ನುವುದಕ್ಕೆ ಮೊದಲು ಎಂಜಿನ್ ಮೇಲೆ ಟೇಪ್‌ನಿಂದ ಭಾರ ಕಟ್ಟಿ ನೋಡಿ. ಸಾಲದೆ ಬಂದರೆ ಮೂಗಿನ ಚಕ್ರದ ಗುಳಿಯ ಮೇಲ್ಭಾಗದಲ್ಲಿ ಸಣ್ಣ ತೂತು ಕೊರೆದು, ಒಳಗೆ ಸಣ್ಣ ಸೀಸದ ಗುಂಡು ಇಳಿಸಿ, ಮೂಗನ್ನು ಕೆಳಗೆ ಮಾಡಿ ಸೂಪರ್ ಗ್ಲೂ ಹನಿಸಿ. ಆದರೆ ಸೀಸವನ್ನು ಮರ ಅಂಟಿಸುವ ಬಿಳಿ ಗಮ್‌ನಲ್ಲಿ ಕೂರಿಸಬೇಡಿ. ಆ ಗಮ್‌ನಿಂದ ಬರುವ ಹುಳಿ ಆವಿ ಸೀಸವನ್ನು ತಿಂದು ಬಿಳಿ ಪುಡಿ ಮಾಡುತ್ತದೆ. ಪುಡಿ ಊದುತ್ತಾ ಹೋಗಿ, ಕೆಲವು ವರ್ಷಕ್ಕೆ ಮೂಗಿನ ಜಾಯಿಂಟನ್ನೇ ಒಡೆಯುತ್ತದೆ. ಸೀಸ ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಇದನ್ನು ಬೆನ್ನು ಉಜ್ಜುವುದಕ್ಕೆ ಮೊದಲೇ ಮುಗಿಸಿಬಿಡಿ. ಹೊಸ ಬಿಳಿ ಹೊಡೆದ ಮೇಲೆ ವಿಮಾನವನ್ನು ತಲೆಕೆಳಗಾಗಿ ಹಿಡಿದು ತೂತು ಕೊರೆಯುವ ಪಾಡು ಬೇಡ.